ನಮ್ಮ ಮನೆಯ ಗುಂಡಿ, ಅವಳ ಮನೆಯ ಮೆಟ್ಟಿಲು

ಮಾದಮ್ಮ ಬಿದ್ದದ್ದು ಅವಳ ಮನೆಯ ಹಿಂದಿನ ಮೆಟ್ಟಿಲ ಮೇಲಲ್ಲ. ನನ್ನ ಮನೆಯ ಮಗ್ಗದ ಗುಂಡಿಯಲ್ಲಿ. ಆಸ್ಪತ್ರೆಯಲ್ಲಿ ಸುಳ್ಳು ಹೇಳಿದವಳು ನಾನು. ಅವಳ ಬಾಯಿಂದ ಹೌದು ಅನ್ನಿಸಿದವಳೂ ನಾನೇ.

ಇಷ್ಟು ಹೇಳುವುದಕ್ಕೆ ಎರಡೂವರೆ ವರ್ಷ ಹಿಡಿಯಿತು. ನಾಲ್ಕು ವಾಕ್ಯ. ಮಗ್ಗದ ಮುಂದೆ ಕೂತು ಒಂದು ಸೀರೆಯ ಅಂಚು ಎರಡು ಗಂಟೆಯಲ್ಲಿ ಎತ್ತುವವಳು ನಾನು — ನಾಲ್ಕು ವಾಕ್ಯಕ್ಕೆ ಎರಡೂವರೆ ವರ್ಷ.

ನಾನು ಕೊಳ್ಳೇಗಾಲದ ಮಗಳು, ಸೇಲಂಗೆ ಸೊಸೆಯಾಗಿ ಬಂದು ಮೂವತ್ತನಾಲ್ಕು ವರ್ಷವಾಯಿತು. ಇಲ್ಲಿ ನಮ್ಮ ಬೀದಿಯ ನೇಕಾರರೆಲ್ಲ ಮನೆಯಲ್ಲಿ ಕನ್ನಡ ಆಡುತ್ತಾರೆ, ಓದುವುದು ಬರೆಯುವುದು ಮಾತ್ರ ತಮಿಳು. ಹಾಗಾಗಿ ಈಗ ಬರೆಯುತ್ತಿರುವುದನ್ನು ನಮ್ಮ ಮನೆಯಲ್ಲಿ ಯಾರೂ ಓದಲಾರರು. ಅದಕ್ಕೇ ಇವಳಿಗೆ ಧೈರ್ಯ ಬಂತು ಎಂದು ನಗಬೇಡಿ. ತಮಿಳಿನಲ್ಲಿ ಹೇಳಬೇಕಾದ ಕಡೆ ಮೊದಲು ಹೇಳಿ ಬಂದೇ ಇಲ್ಲಿ ಕೂತಿದ್ದೇನೆ. ಅದಾದ ಮೇಲೂ ಹೇಳಿ ಮುಗಿದ ಹಾಗಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮಗ್ಗದ ಗುಂಡಿ ಎಂದರೆ ಏನು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮದು ಗುಂಡಿ ಮಗ್ಗ. ಮನೆಯ ಮುಂದಿನ ಕೋಣೆಯಲ್ಲಿ ನೆಲವನ್ನು ಸೊಂಟದ ಆಳಕ್ಕೆ ತೋಡಿರುತ್ತಾರೆ. ನೇಯುವವರು ನೆಲದ ಅಂಚಿನಲ್ಲಿ ಕೂತು ಕಾಲನ್ನು ಗುಂಡಿಗೆ ಇಳಿಬಿಟ್ಟು ಕೆಳಗಿನ ಹಲಗೆ ತುಳಿಯುತ್ತಾರೆ. ಗುಂಡಿ ಸದಾ ತೆರೆದೇ ಇರುತ್ತದೆ. ಅದರ ಪಕ್ಕದಲ್ಲೇ ಮಕ್ಕಳು ಅಂಬೆಗಾಲಿಡುತ್ತವೆ, ಮುದುಕರು ಕೋಲೂರಿ ಓಡಾಡುತ್ತಾರೆ, ಕರೆಂಟು ಹೋದಾಗ ಕತ್ತಲಲ್ಲಿ ನಾವು ಅದನ್ನು ದಾಟಿ ಅಡುಗೆಮನೆಗೆ ಹೋಗುತ್ತೇವೆ. ನಾನು ಬಂದ ಮೇಲೆ ಆ ಗುಂಡಿಗೆ ಒಂದು ಕೋಳಿಮರಿಯೂ ಬಿದ್ದದ್ದಿಲ್ಲ. ಅದು ಅಲ್ಲಿದೆ ಎಂದು ಎಲ್ಲರ ಕಾಲಿಗೂ ಗೊತ್ತು.

ಅಂಥ ಗುಂಡಿಯನ್ನು ನಾನು ಮುಚ್ಚಿದೆ. ತುಂಬಲಿಲ್ಲ — ಮುಚ್ಚಿದೆ.

ಯಾಕೆ ಎಂದರೆ, ಒಂದು ಫಾರಂನಲ್ಲಿ ಸುಳ್ಳು ಬರೆದಿದ್ದೆವು. ಮೇಲೊಂದು ಅಂತಸ್ತು ಕಟ್ಟಲು ಬ್ಯಾಂಕಿನಲ್ಲಿ ಸಾಲ ತೆಗೆದಾಗ ಯಜಮಾನರು ಮನೆಯನ್ನು ನನ್ನ ಹೆಸರಿಗೆ ಮಾಡಿಸಿದ್ದರು, ಹೆಂಗಸರ ಹೆಸರಿಗಾದರೆ ಬಡ್ಡಿ ಕಡಿಮೆ ಎಂದು. ಮನೆಗೆ ಇನ್ಶೂರೆನ್ಸ್ ಬೇಕೆಂದು ಬ್ಯಾಂಕಿನವರು ಹಟ ಹಿಡಿದರು. ನಮ್ಮ ನಾದಿನಿಯ ಮಗ ಕುಮಾರ ಆಗ ಇನ್ಶೂರೆನ್ಸ್ ಏಜೆಂಟು. ಫಾರಂ ಅವನೇ ತುಂಬಿದ. "ಮನೆಯಲ್ಲಿ ಯಾವುದಾದರೂ ಕಸುಬು ನಡೆಯುತ್ತದೆಯೇ" ಎಂಬ ಪ್ರಶ್ನೆಯ ಮುಂದೆ ಇಲ್ಲ ಎಂದು ಬರೆದು, "ಇಲ್ಲಿ ಸೈನ್ ಆಕಿ ಅತ್ತೆ" ಎಂದ. ಮುಂದಿನ ಕೋಣೆಯಿಂದ ಮಗ್ಗದ ಸದ್ದು ಕೇಳುತ್ತಿತ್ತು. ನಾನು ಸೈನ್ ಹಾಕಿದೆ. ಆ ಪಾಲಿಸಿಯಲ್ಲಿ ಬೆಂಕಿ, ಕಳ್ಳತನದ ಜೊತೆ ಇನ್ನೊಂದು ಮಾತೂ ಇತ್ತು: ಮನೆಗೆ ಬಂದ ಹೊರಗಿನವರಿಗೆ ನಮ್ಮ ತಪ್ಪಿನಿಂದ ಪೆಟ್ಟಾದರೆ, ನಾವು ಕೊಡಬೇಕಾದ ಪರಿಹಾರವನ್ನು ಕಂಪನಿ ಕೊಡುತ್ತದೆ. ಇಂಗ್ಲಿಷಿನಲ್ಲಿತ್ತು. ನಮ್ಮಲ್ಲಿ ಯಾರು ಓದಿದರು?

ಪಾಲಿಸಿ ತೆಗೆದ ಮೂರನೇ ವರ್ಷ ಕುಮಾರ ಫೋನು ಮಾಡಿದ, ಬೆಳಿಗ್ಗೆಗೆ ಕಾಲೇಲೆ ಎನ್ನುವ ಅವನ ಅರ್ಧ ತಮಿಳಿನಲ್ಲಿ.

"ಅತ್ತೆ, ನಾಳೆ ಕಾಲೇಲೆ ಕಂಪನಿಯಿಂದ ಆಳು ಬರ್ತಾರೆ, ಮನೆ ಫೋಟೋ ಇಡಿಯಾಕೆ. ಮಗ್ಗ ಕಾಣ್ಕೂಡ್ದು. ಕಂಡ್ರೆ ಪಾಲಿಸಿನೂ ಇಲ್ಲ, ಲೋನೂ ಪ್ರಾಬ್ಲಂ."

ಅದೃಷ್ಟವೋ ದುರದೃಷ್ಟವೋ, ಹಿಂದಿನ ದಿನವೇ ಮಗ್ಗಕ್ಕೇರಿಸಿದ್ದ ಹಾಸಿನ ನೂಲು ನೇಯ್ದು ಮುಗಿದಿತ್ತು. ಮಗ್ಗ ಬರಿದಾಗಿತ್ತು. ಯಜಮಾನರು ಕಂಬಗಳನ್ನು ಬಿಚ್ಚಿ ಪಕ್ಕದ ಮನೆಗೆ ಸಾಗಿಸಿದರು. ಗುಂಡಿಯನ್ನು ಸಾಗಿಸುವುದು ಎಲ್ಲಿಗೆ? ಅವರು ದಪ್ಪ ಮಾವಿನ ಹಲಗೆ ಎರಡು ತಂದು ಹಾಸಿದರು. ಅದು ನೆಲಕ್ಕಿಂತ ಎರಡು ಬೆರಳು ಮೇಲೆ ನಿಂತಿತು. ನಾನು ಒಪ್ಪಲಿಲ್ಲ. ಚಾಪೆ ಹಾಕಿದರೆ ಉಬ್ಬಿ ಕಾಣುತ್ತದೆ, ಫೋಟೋದಲ್ಲಿ ಗೊತ್ತಾಗುತ್ತದೆ ಎಂದೆ. ಹಿತ್ತಲಲ್ಲಿ ಮಳೆಗೆ ನೆನೆದು ಬಿದ್ದಿದ್ದ ಹಳೇ ಬಚ್ಚಲು ಬಾಗಿಲಿನ ತೆಳು ಪ್ಲೈವುಡ್ ಹಾಳೆಯನ್ನು ನಾನೇ ಎಳೆದು ತಂದೆ. ಗುಂಡಿಯ ಬಾಯಿಗೆ ಅಳತೆ ಮಾಡಿಸಿದ ಹಾಗೆ ಕೂತಿತು. "ಏಯ್, ಇದು ತಾಳಲ್ಲ ಕಣೇ" ಎಂದರು ಅವರು. ಅರ್ಧ ಗಂಟೆ ತಾನೇ ಎಂದೆ. ಮೇಲೆ ಜಮಖಾನ ಹಾಸಿದೆ, ಪಕ್ಕದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದೆ.

ಫೋಟೋದವನು ಹತ್ತು ಗಂಟೆಗೆ ಬಂದ. ಒಳಗೂ ಬರಲಿಲ್ಲ, ಬಾಗಿಲಲ್ಲೇ ನಿಂತು ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದು ಹೋದ.

ಅವನು ಹೋದ ಕೂಡಲೇ ಜಮಖಾನ ಎತ್ತಬೇಕಿತ್ತು. ಯಜಮಾನರು ಹೊಸ ಹಾಸಿನ ನೂಲಿಗೆಂದು ಹೊರಗೆ ಹೋಗಿದ್ದರು. ನಾನು ಎತ್ತಲಿಲ್ಲ. ಯಾಕೆ ಗೊತ್ತೇ? ಕೋಣೆ ಚೆನ್ನಾಗಿ ಕಾಣುತ್ತಿತ್ತು! ನಾನು ಸೊಸೆಯಾಗಿ ಬಂದ ಮೇಲೆ ಮೊದಲ ಸಲ ನಮ್ಮ ಮನೆಯ ಮುಂದಿನ ಕೋಣೆ ಬೇರೆಯವರ ಮನೆಯ ಹಾಗೆ — ಬಂದವರು ಕೂರುವ ಜಾಗದ ಹಾಗೆ — ಕಾಣುತ್ತಿತ್ತು. ನೂಲಿನ ಧೂಳಿಲ್ಲ, ಹಗ್ಗವಿಲ್ಲ. ನಾನು ಕುರ್ಚಿಯಲ್ಲಿ ಕೂತು ನೋಡಿದೆ. ಎದ್ದು ಬಾಗಿಲಿಗೆ ಹೋಗಿ ಅಲ್ಲಿಂದಲೂ ನೋಡಿದೆ. ಸಂಜೆವರೆಗೆ ಇರಲಿ ಎಂದುಕೊಂಡೆ. ಈ ಕೊಬ್ಬನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮಧ್ಯಾಹ್ನ ಮೂರರ ಹೊತ್ತಿಗೆ ಮಾದಮ್ಮ ಬಂದಳು. ಅವಳು ನಂಗವಳ್ಳಿ ಕಡೆಯ ಒಕ್ಕಲಿನವರ ಮನೆಯ ಹೆಣ್ಣು. ನೇಕಾರನ ಕೈಹಿಡಿದು ಈ ಬೀದಿಗೆ ಬಂದು, ಗಂಡ ಸತ್ತ ಮೇಲೆ ರಾಟೆ ತಿರುಗಿಸಿ ಒಬ್ಬಳೇ ಮಗಳನ್ನು ಓದಿಸುತ್ತಿದ್ದಳು. ಹನ್ನೆರಡು ವರ್ಷದಿಂದ ನಮ್ಮ ಮಗ್ಗಕ್ಕೆ ಕಂಡಿಕೆ ಸುತ್ತಿ ಕೊಡುತ್ತಿದ್ದವಳು ಅವಳೇ — ಲಾಳಿಯೊಳಗೆ ಕೂರುವ ಸಣ್ಣ ಕಡ್ಡಿಗಳಿಗೆ ನೂಲು ಸುತ್ತುವ ಕೆಲಸ. ನಮ್ಮ ಮನೆಯಲ್ಲಿ ಕಣ್ಣು ಕಟ್ಟಿ ಬಿಟ್ಟರೂ ಗುಂಡಿ ತಪ್ಪಿಸಿ ನಡೆಯಬಲ್ಲವಳು. ಸೊಂಟದ ಮೇಲೆ ಕಂಡಿಕೆಯ ಬುಟ್ಟಿ ಇತ್ತು. ಹೊಸ್ತಿಲಲ್ಲಿ ನಿಂತಳು. ಮಗ್ಗವಿಲ್ಲ, ಗುಂಡಿಯಿಲ್ಲ, ಜಮಖಾನ, ಕುರ್ಚಿ.

"ಅಯ್ಯೋ ಅಕ್ಕಾ! ಮಣ್ಣಾಕಿ ಮುಚ್ಚಿಸ್ಬುಟ್ರಾ? ಏಟು ಚಂದಾಗೈತೆ!"

ನಾನು ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಅವಳು ಕಾಲೆತ್ತಿದ್ದು ಕಂಡೆ. ಕೂಗಬಹುದಿತ್ತು. ನಿಲ್ಲು ಎಂಬ ಒಂದು ಮಾತು. ಆದರೆ ಬೆಳಗಿನಿಂದ ನಾನು ಯಾರಾದರೂ ಆಡಲಿ ಎಂದು ಕಾದಿದ್ದ ಮಾತನ್ನು ಅವಳು ಆಡಿಬಿಟ್ಟಿದ್ದಳು — ಚಂದಾಗೈತೆ — ಮತ್ತು ನಾನು ನಗುತ್ತಿದ್ದೆ. ಆ ನಗು ಮುಗಿಯುವಷ್ಟರಲ್ಲಿ ಪ್ಲೈವುಡ್ ಮುರಿಯಿತು.

ಗುಂಡಿಯ ತಳದಲ್ಲಿ ತುಳಿಯುವ ಹಲಗೆ ಕಟ್ಟುವ ಗೂಟಗಳಿರುತ್ತವೆ. ಅವಳ ತೊಡೆ ಅದಕ್ಕೆ ಬಡಿಯಿತು. ಆ ಸದ್ದನ್ನು ಬರೆಯಲಾರೆ.

ಪಕ್ಕದ ಮನೆಯವರು ಮೇಲೆತ್ತಿ, ಕಂಡಿಕೆ ಬುಟ್ಟಿಯ ಸಮೇತ ಬೀದಿಯ ತಿರುವಿಗೆ ಹೊತ್ತು ತಂದರು, ಆಟೋ ಅಲ್ಲಿಗೆ ಬಂತು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯಲ್ಲಿ ನಾನು ಕುಮಾರನಿಗೆ ಫೋನು ಮಾಡಿದೆ. ಗಮನಿಸಿ — ಅವಳ ಮಗಳಿಗಲ್ಲ, ಕುಮಾರನಿಗೆ.

"ಅತ್ತೆ, ನಿಮ್ಮನೇಲಿ ಬಿದ್ಲು ಅಂತ ಮಾತ್ರ ಏಳ್ಬೇಡಿ," ಎಂದ ಅವನು. "ಕಾಲೇಲೆ ತಾನ್ ಫೋಟೋ ಓಗೈತೆ. ಈಗ ಕ್ಲೇಮ್ ಅಂದ್ರೆ ಬಂದು ನೋಡ್ತಾರೆ, ಮಗ್ಗ ಐತೆ ಅಂತ ತಿಳೀತದೆ. ಕೊಡಾದು ಇರ್ಲಿ, ಎಲ್ಲಾ ಕ್ಯಾನ್ಸಲ್. ಕೇಸ್ ಆದ್ರೆ ಮನೆ ನಿಮ್ ಎಸ್ರಲ್ಲೈತೆ, ಕೋರ್ಟ್‌ಗೆ ಓಗೋರು ನೀವೇ."

ಕುಮಾರನನ್ನು ಬೈಯುವುದು ಸುಲಭ. ಎರಡೂವರೆ ವರ್ಷ ಅದನ್ನೇ ಮಾಡಿದೆ. ಆದರೆ ಆಸ್ಪತ್ರೆಯಲ್ಲಿ ಅವನಿರಲಿಲ್ಲ. ಚೀಟಿ ಬರೆಯುವವನು ಪೆನ್ನು ಹಿಡಿದು ಅವಳನ್ನು ಕೇಳಿದ, "ಎಂಗಮ್ಮಾ ವಿಳುಂದೀಂಗ?" ಎಲ್ಲಿ ಬಿದ್ದಿರಿ ಎಂದು. ಅವಳು ಬಾಯಿ ತೆರೆಯುವ ಮೊದಲು ನಾನು ಹೇಳಿದೆ, "ಅವಂಗ ವೀಟ್ಲ ತಾನ್. ಪಿನ್ನಾಡಿ ಪಡಿಲ ವಳುಕ್ಕಿಟ್ಟಾಂಗ." ಅವಳ ಮನೆಯಲ್ಲೇ, ಹಿಂದಿನ ಮೆಟ್ಟಿಲಲ್ಲಿ ಜಾರಿದಳು.

ಮಾದಮ್ಮ ನನ್ನನ್ನು ನೋಡಿದಳು. ಅಷ್ಟು ನೋವಿನಲ್ಲೂ ಅವಳ ಕಣ್ಣು ಸ್ಪಷ್ಟವಾಗಿತ್ತು. ನಾನು ಅವಳ ಕೈಯನ್ನು ಬಿಗಿಯಾಗಿ ಅದುಮಿದೆ. ಸಮಾಧಾನಕ್ಕೆ ಅಲ್ಲ. ಅದು ಅವಳಿಗೂ ಗೊತ್ತಿತ್ತು.

"ಆಮಾಂಗ," ಎಂದಳು. ಹೌದು. ಅವನು ಬರೆದುಕೊಂಡ.

ತೊಡೆಗೆ ರಾಡು ಹಾಕಿದರು. ಮೂಳೆ ಕೂಡಿತು, ಕಾಲು ಗಿಡ್ಡವಾಯಿತು. ನೆಲದ ಮೇಲೆ ಕೂರುವುದಕ್ಕೆ ಆಗದು. ರಾಟೆಯ ಮುಂದೆ ನೆಲದಲ್ಲಿ ಕೂರದೆ ಕಂಡಿಕೆ ಸುತ್ತುವುದು ಹೇಗೆ? ಅಲ್ಲಿಗೆ ಅವಳ ಅನ್ನ ಹೋಯಿತು. ಕಾಲೇಜಿನ ಎರಡನೇ ವರ್ಷದಲ್ಲಿದ್ದ ಮಗಳು ಸೆಲ್ವಿ ಓದು ಬಿಟ್ಟು ಬಟ್ಟೆ ಅಂಗಡಿಗೆ ಸೇರಿದಳು. ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತು ಸೀರೆ ಬಿಚ್ಚಿ ತೋರಿಸುವ ಕೆಲಸ.

ನಾನೇನು ಮಾಡಿದೆ? ಗಂಜಿ ಹೊತ್ತೆ. ದಿನವೂ ಹಿಡಿಯಿರುವ ತೂಕುಪಾತ್ರೆಯಲ್ಲಿ ಗಂಜಿ, ಸಾರು, ವಾರಕ್ಕೊಮ್ಮೆ ಹೂವು. ಬೀದಿಯ ಹೆಂಗಸರು ನನ್ನನ್ನು ಹೊಗಳಿದರು. "ಒಡಹುಟ್ಟಿದೋಳೂ ಇಂಗ್ ನೋಡ್ಕಳಲ್ಲ ಸರಸಕ್ಕಾ." ನಾನು ತಲೆ ತಗ್ಗಿಸಿ, ಅಯ್ಯೋ ಏನು ಮಹಾ ಎನ್ನುತ್ತಿದ್ದೆ. ಥೂ.

ಮಾದಮ್ಮ ಯಾರಿಗೂ ಬಾಯಿ ಬಿಡಲಿಲ್ಲ. ಮುರಿದ ಹಾಳೆ ನೋಡಿದ ಪಕ್ಕದ ಮನೆಯವರು ನಮ್ಮ ನೆಂಟರು, ಅವರ ಬಾಯಿಯನ್ನು ಯಜಮಾನರು ಮುಚ್ಚಿಸಿದ್ದರು. ಆದರೆ ಅವಳನ್ನು ಯಾರು ತಡೆದಿದ್ದರು? ಯಾರೂ ಇಲ್ಲ. ಸ್ವಂತ ಮಗಳಿಗೂ ಅವಳು ಹೇಳಿದ್ದು ಅದೇ ಸುಳ್ಳು. ಹಾಗಾಗಿ ಸೆಲ್ವಿ ತಾಯಿಯನ್ನು ಬೈಯುತ್ತಿದ್ದಳು. ನಾನು ಗಂಜಿ ಹಿಡಿದು ನಿಂತಾಗಲೇ ಎಷ್ಟೋ ಸಲ ಕೇಳಿದ್ದೇನೆ. "ಪಾಚಿ ಐತೆ ಅಂತ ತಿಳೀದಾ ನಿಂಗೆ? ನೋಡ್ಕಂಡು ಓಗಕ್ಕೇನಾಗಿತ್ತು?" ಪ್ರತಿ ಭಾನುವಾರ ಆ ಹುಡುಗಿ ಬ್ಲೀಚಿಂಗ್ ಪೌಡರ್ ಹಾಕಿ ಆ ಮೂರು ಮೆಟ್ಟಿಲನ್ನು ಉಜ್ಜುತ್ತಿದ್ದಳು. ತೆಂಗಿನ ನಾರಿನಲ್ಲಿ, ಕೈ ಕೆಂಪಾಗುವ ತನಕ. ಯಾರನ್ನೂ ಬೀಳಿಸದ ಮೆಟ್ಟಿಲು. ಮಾದಮ್ಮ ಮಂಚದ ಮೇಲೆ ಗೋಡೆಯ ಕಡೆ ತಿರುಗಿಕೊಂಡಿರುತ್ತಿದ್ದಳು. ನಾನು ಪಾತ್ರೆ ಇಟ್ಟು ಬರುತ್ತಿದ್ದೆ.

ಒಂದು ವರ್ಷ ಕಳೆದ ಮೇಲೆ ಸೆಲ್ವಿ ನಮ್ಮ ಮನೆಗೆ ಬಂದಳು. ಕೋರ್ಟಿನಲ್ಲಿ ಬಡವರಿಗೆ ಪುಕ್ಕಟೆ ಸಲಹೆ ಕೊಡುವ ಕಡೆ ಹೋಗಿದ್ದಳಂತೆ. ಬೇರೆಯವರ ಜಾಗದಲ್ಲಿ, ಅವರ ಅಜಾಗ್ರತೆಯಿಂದ ಬಿದ್ದಿದ್ದರೆ ಮನೆಯವರು ಜವಾಬ್ದಾರಿ. ಮೂರು ವರ್ಷದೊಳಗೆ ಕೇಳಬೇಕು. ಸ್ವಂತ ಮನೆಯಲ್ಲಿ ಬಿದ್ದರೆ ಯಾರನ್ನು ಕೇಳುವುದು ಎಂದಿದ್ದರಂತೆ.

"ದೊಡ್ಡಮ್ಮಾ, ಅಮ್ಮ ಬಿದ್ದಾಗ ಜೊತೇಲಿ ಕಂಡಿಕೆ ಬುಟ್ಟಿ ಇತ್ತಂತೆ, ಆಟೋದೋನು ಏಳ್ದ. ಕಂಡಿಕೆ ಬುಟ್ಟಿ ಇಟ್ಕಂಡು ಇಂದ್ಗಡೆ ಮೆಟ್ಲಿಗೆ ಯಾಕೋದ್ಲು? ನಿಜ ಏಳಿ, ಎಲ್ಲಿ ಬಿದ್ಲು?"

ಬುದ್ಧಿವಂತೆ. ಅವಳು ಓದು ಬಿಡಬಾರದಿತ್ತು.

"ನಿಮ್ಮಮ್ಮನ್ನೇ ಕೇಳವ್ವ," ಎಂದೆ. ಅದು ಆಸ್ಪತ್ರೆಯ ಸುಳ್ಳಿಗಿಂತ ಹೊಲಸು. ತಾಯಿ ಒಮ್ಮೆ ಹೌದೆಂದದ್ದನ್ನು ಬದಲಿಸುವವಳಲ್ಲ ಎಂದು ಗೊತ್ತಿದ್ದೇ ಹಾಗೆ ಹೇಳಿದೆ.

ಇನ್ನೂ ಎಷ್ಟು ದಿನ ಹೀಗೇ ನಡೆಯುತ್ತಿತ್ತೋ. ನನ್ನ ಮನಸ್ಸು ತಾನಾಗಿ ಕರಗಿತು ಎಂದು ಬರೆದುಕೊಳ್ಳುವ ಆಸೆಯಿದೆ, ಆದರೆ ಕರಗಲಿಲ್ಲ. ಕುಮಾರ ಆ ಕೆಲಸ ಬಿಟ್ಟು ಧರ್ಮಪುರಿಯಲ್ಲಿ ಮೊಬೈಲ್ ಅಂಗಡಿ ಹಾಕಿದ. ಪಾಲಿಸಿ ಮುಂದುವರಿಸಲು ನಾನೇ ಆಫೀಸಿಗೆ ಹೋಗಬೇಕಾಯಿತು. ಕೌಂಟರಿನಲ್ಲಿದ್ದ ಹೆಣ್ಣುಮಗಳು ಯಾವ ಏರಿಯಾ ಎಂದು ಕೇಳಿದಳು, ಹೇಳಿದೆ. "ಅಲ್ಲಿ ಮನೆ ಮನೇಲಿ ಮಗ್ಗ ಇರ್ತದಲ್ಲ, ನಿಮ್ಮ ಫಾರಂನಲ್ಲಿ ಯಾಕೆ ಬರೆದಿಲ್ಲ?" ಎಂದು ತಮಿಳಿನಲ್ಲಿ ಕೇಳಿದಳು. ಬರೆದರೆ ಪಾಲಿಸಿ ಕೊಡುವುದಿಲ್ಲವಲ್ಲ ಎಂದೆ. ಅವಳು ನಕ್ಕಳು. ಯಾರು ಹೇಳಿದ್ದು? ಕೈಮಗ್ಗ ತಾನೆ? ಬರೆದರೆ ಕಂತು ಸ್ವಲ್ಪ ಹೆಚ್ಚು, ಅಷ್ಟೇ. ಬ್ಯಾಂಕಿನವರೂ ಏನೂ ಅನ್ನುವುದಿಲ್ಲ. ಕೆಲಸಕ್ಕೆ ಬಂದವರು ಬಿದ್ದು ಎದ್ದರೂ ಅದರಲ್ಲೇ ಸೇರಿಸಬಹುದು. ಕಾಫಿಗೆ ಸಕ್ಕರೆ ಬೇಕೋ ಬೇಡವೋ ಎಂದು ಕೇಳುವ ಹಾಗೆ ಹೇಳಿ ಅವಳು ಮುಂದಿನವರನ್ನು ಕರೆದಳು.

ಆಫೀಸಿನ ಹೊರಗೆ ಕಟ್ಟೆಯ ಮೇಲೆ ಕೂತೆ. ಎಷ್ಟು ಹೊತ್ತೋ. ಒಂದು ಪದ — ಇಲ್ಲ ಎನ್ನುವ ಜಾಗದಲ್ಲಿ ಇದೆ ಎಂದು ಬರೆದಿದ್ದರೆ ಮಗ್ಗ ಬಿಚ್ಚಬೇಕಿರಲಿಲ್ಲ. ಗುಂಡಿ ಮುಚ್ಚಬೇಕಿರಲಿಲ್ಲ. ಅವಳ ಕಾಲು — ಕೋಪ ಬಂತು. ಕುಮಾರನ ಮೇಲೆ, ಕೇಳದೆ ಸುಳ್ಳು ಬರೆಯುವ ಅವನ ಜಾಣತನದ ಮೇಲೆ. ಯಜಮಾನರ ಮೇಲೆ, ತಾಳಲ್ಲ ಎಂದು ಗೊತ್ತಿದ್ದೂ ನನ್ನ ಮಾತಿಗೆ ತಲೆಯಾಡಿಸಿದ್ದಕ್ಕೆ. ಮಾದಮ್ಮನ ಮೇಲೂ ಬಂತು — ಯಾಕೆ ಹೌದು ಅಂದೆ, ಯಾಕೆ ಕೈ ಕೊಸರಿಕೊಳ್ಳಲಿಲ್ಲ, ಯಾಕೆ ಇಡೀ ಬೀದಿ ಕೇಳುವ ಹಾಗೆ ನನ್ನ ಮುಖಕ್ಕೆ ಉಗಿಯಲಿಲ್ಲ! ಅಲ್ಲಿಗೆ ನನಗೇ ಹೇಸಿಗೆಯಾಯಿತು. ಬೀಳಿಸಿದವಳು ಬಿದ್ದವಳ ಮೇಲೆ ಸಿಟ್ಟಾಗುವುದು.

ಅಲ್ಲಿಂದ ನೇರ ಅವಳ ಮನೆಗೆ ಹೋದೆ. ಆ ದಿನ ಕೈಯಲ್ಲಿ ಗಂಜಿ ಇರಲಿಲ್ಲ. ಮಾದಮ್ಮ ಮಂಚದ ಅಂಚಿನಲ್ಲಿ ಕೂತಿದ್ದಳು. ಕೋರ್ಟಿಗೆ ಹೋಗಿ ನಿಜ ಹೇಳುತ್ತೇನೆ, ಕೇಸು ಹಾಕಲು ಇನ್ನೂ ಐದಾರು ತಿಂಗಳಿದೆ ಎಂದೆ.

"ನೀನ್ ಬರ್ತೀಯ ಅಂತ ಕಾದಿದ್ದೆ," ಎಂದಳು. ಹನ್ನೆರಡು ವರ್ಷ ನೀವು ನೀವು ಎಂದವಳು. "ಗಂಜಿ ತರೋವಾಗೆಲ್ಲ ಅಂದ್ಕಂಡೆ, ಇವತ್ತು ಏಳ್ತಾಳೆ, ಇವತ್ತು ಏಳ್ತಾಳೆ. ಆಮೇಲೆ ಬುಟ್ಬುಟ್ಟೆ. ಕೋರ್ಟು ಆಮೇಲಿರ್ಲಿ. ಮೊದ್ಲು ನನ್ ಮಗ್ಳಿಗೆ ಏಳು. ನನ್ ಬಾಯಲ್ಲಿ ಬ್ಯಾಡ, ನಿನ್ ಬಾಯಲ್ಲಿ."

ಸೆಲ್ವಿ ಅಂಗಡಿಯಿಂದ ಬರುವ ತನಕ ಅಲ್ಲೇ ಕೂತೆ. ಬಂದಳು, ಚಪ್ಪಲಿ ಬಿಡುತ್ತಿದ್ದಳು, ಊದಿದ ಕಾಲು. ಹೇಳಿದೆ. ಪ್ಲೈವುಡ್, ಜಮಖಾನ, ಫಾರಂ, ಆಸ್ಪತ್ರೆ, ನಾನು ನಗುತ್ತಾ ನಿಂತದ್ದು, ಎಲ್ಲ. ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಎಷ್ಟೋ ಮೇಲಿತ್ತು. ಅವಳು ತಾಯಿಯ ಕಡೆ ನೋಡಿದಳು.

"ಎಲ್ಡೂವರೆ ವರ್ಷ ಅಮ್ಮನ್ನ ಬಾಯಿಗೆ ಬಂದಂಗೆ ಬೈದಿವ್ನಿ," ಎಂದಳು. "ಅದನ್ನ ಯಾವ ಕೋರ್ಟು ವಾಪಸ್ ತಕ್ಕಳ್ತದೆ?"

ಅವಳು ಆಮೇಲೆ ನನ್ನನ್ನು ದೊಡ್ಡಮ್ಮ ಎಂದು ಕರೆದಿಲ್ಲ. ನನ್ನ ಜೊತೆ ಮಾತಾಡಬೇಕಾದರೆ ವಕೀಲರ ಮೂಲಕ ಆಡುತ್ತಾಳೆ, ಅದೇ ಸರಿ.

ಆಸ್ಪತ್ರೆಯ ದಾಖಲೆಯಲ್ಲಿರುವುದು ಸುಳ್ಳು, ಹೇಳಿದ್ದು ನಾನು, ಮಾದಮ್ಮ ಹೌದೆಂದದ್ದು ನನ್ನ ಒತ್ತಾಯಕ್ಕೆ ಎಂದು ಪ್ರಮಾಣಪತ್ರ ಬರೆಸಿ ಸಹಿ ಮಾಡಿ ಅವರ ವಕೀಲರಿಗೆ ಕೊಟ್ಟೆ. ಅವಧಿ ಮುಗಿಯುವ ಮೊದಲೇ ಅವರು ಕೇಸು ಹಾಕಿದರು. ಇನ್ಶೂರೆನ್ಸ್ ಕಂಪನಿಗೂ ಎಲ್ಲ ಬರೆದು ತಿಳಿಸಿದೆ. ಫಾರಂನಲ್ಲಿ ಸುಳ್ಳು ಹೇಳಿದ್ದೀರಿ, ಹಾಗಾಗಿ ಒಂದು ಕಾಸೂ ಕೊಡುವುದಿಲ್ಲ ಎಂದು ಉತ್ತರ ಬಂತು. ಅವರ ಮೇಲೆ ಕೂಗಾಡಲು ನನ್ನಲ್ಲಿ ಏನೂ ಉಳಿದಿಲ್ಲ. ಕೊಡಬೇಕಾದವಳು ಈಗ ನಾನೊಬ್ಬಳೇ, ಕೊಡಲು ಇರುವುದು ಈ ಮನೆಯೊಂದೇ.

ಯಜಮಾನರು ನನ್ನೊಂದಿಗೆ ಮಾತು ಬಿಟ್ಟು ಮೂರು ವಾರವಾಯಿತು. ಮೊನ್ನೆ ಕುಮಾರನನ್ನು ಕರೆಸಿದ್ದರು. ಅವನು ಒಬ್ಬ ವಕೀಲರ ವಿಳಾಸ ತಂದಿದ್ದ. ಹೆದರಬೇಡಿ ಅತ್ತೆ, ಅವಳು ಹನ್ನೆರಡು ವರ್ಷ ಬಂದು ಹೋದವಳು, ಅಲ್ಲಿ ಗುಂಡಿ ಇದೆ ಎಂದು ಗೊತ್ತಿದ್ದೂ ನೋಡದೆ ಕಾಲಿಟ್ಟಳು, ತಪ್ಪು ಅವಳದೇ ಎಂದು ಅವರು ಚೆನ್ನಾಗಿ ವಾದಿಸುತ್ತಾರಂತೆ. ಆ ವಾದ ಗೆದ್ದರೂ ಗೆಲ್ಲಬಹುದು. ಅದಕ್ಕೇ ನನಗೆ ಮೈಯೆಲ್ಲ ಉರಿದದ್ದು. ಆ ವಿಳಾಸದ ಚೀಟಿಯನ್ನು ಅವನ ಮುಂದೆಯೇ ಹರಿದು ಹಾಕಿದೆ.

ಮುಂದಿನ ತಿಂಗಳು ವಿಚಾರಣೆ. ಅವರ ಕಡೆಗೆ ವಕೀಲರಿದ್ದಾರೆ, ಆಸ್ಪತ್ರೆಯ ಕಾಗದಗಳಿವೆ, ನನ್ನ ಪ್ರಮಾಣಪತ್ರವಿದೆ. ನನ್ನ ಪರವಾಗಿ ವಾದಿಸಲು ನಾನು ಯಾರನ್ನೂ ಇಟ್ಟುಕೊಂಡಿಲ್ಲ.